ಹಡಗಿನೊಳಗಿನ ಕಲ್ನಾರು

ಪ್ರಥಮ ಪಿಯುಸಿ ಜೀವಶಾಸ್ತ್ರದ ಉಸಿರಾಟದ ಪಾಠದಲ್ಲಿ, ಕೆಲಸದ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಗಳ ಬಗ್ಗೆ ಕೆಲವೇ ಸಾಲುಗಳಿವೆ. ಅಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿ ಹಡಗುಕಟ್ಟೆಯ ಕಥೆ ಹೇಳುತ್ತೇನೆ.

ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಎಂಬ ಹೆಸರಿದೆ. ಕಲ್ಲೂ ಹೌದು, ನಾರೂ ಹೌದು. ಬೆಂಕಿಗೆ ಸುಡುವುದಿಲ್ಲವೆಂದು ಹಿಂದೆ ಹಡಗಿನ ಬಾಯ್ಲರ್, ಹಬೆಯ ಪೈಪುಗಳಿಗೆಲ್ಲ ಇದನ್ನೇ ಸುತ್ತುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹಡಗುಕಟ್ಟೆಗಳಲ್ಲಿ ಲಕ್ಷಾಂತರ ಜನ ದುಡಿದರು. ಗಾಳಿಯಾಡದ ಇಂಜಿನ್ ಕೋಣೆಗಳಲ್ಲಿ ಎಷ್ಟೋ ಮಂದಿ ಇದರ ಧೂಳು ಕುಡಿದರು. ಕತ್ತರಿಸಿದಾಗ ಏಳುವ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಶ್ವಾಸಕೋಶದ ಆಳಕ್ಕಿಳಿದ ಎಳೆಯನ್ನು ಮ್ಯಾಕ್ರೋಫೇಜ್ ಕೋಶ ನುಂಗಲು ಹೋಗುತ್ತದೆ. ಎಳೆ ತನಗಿಂತ ಉದ್ದವಾಗಿದ್ದರೆ ನುಂಗಲಾಗದೆ ತಾನೇ ಸಾಯುತ್ತದೆ, ಎಳೆ ಅಲ್ಲೇ ಉಳಿಯುತ್ತದೆ. ಮುಂದೆ ವರ್ಷಗಟ್ಟಲೆ ಉರಿಯೂತ. ಶ್ವಾಸಕೋಶ ಗಡುಸಾಗುವ ಆಸ್ಬೆಸ್ಟೋಸಿಸ್, ಇಲ್ಲವೇ ಕ್ಯಾನ್ಸರ್. ಶ್ವಾಸಕೋಶದ ಹೊರಪೊರೆಗೆ ಬರುವ ಮೀಸೋಥೀಲಿಯೋಮಾ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 20ರಿಂದ 50 ವರ್ಷ ಹಿಡಿಯುತ್ತದೆ. ಗಂಡನ ಕೆಲಸದ ಬಟ್ಟೆ ಒಗೆದ ಹೆಂಗಸರಿಗೂ ಅದು ಬಂದಿದೆ. ಜೊತೆಗೆ ಸಿಗರೇಟಿದ್ದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ (ಗೇಟಿನಾಚೆ ನಿಲ್ಲುವವರು ಇದನ್ನು ಎರಡು ಸಲ ಓದಿ).

"ಸರ್, ಇದು ಹಳೇ ಕಥೆ ಅಲ್ವಾ?" ಎಂದು ಕೇಳುತ್ತಾರೆ. ಅಲ್ಲ. ಮುದಿಯಾದ ಹಡಗುಗಳನ್ನು ಒಡೆಯುವುದು ಗುಜರಾತಿನ ಅಲಂಗ್ ಕಡಲತೀರದಲ್ಲಿ. ಫ್ರಾನ್ಸಿನ ಯುದ್ಧನೌಕೆ ಕ್ಲೆಮೆನ್ಸೋ ಅಲ್ಲಿಗೇ ಹೊರಟಿತ್ತು. ಅದರಲ್ಲಿದ್ದ ಕಲ್ನಾರಿನ ಬಗ್ಗೆ ಗದ್ದಲವೆದ್ದು, 2006ರ ಫೆಬ್ರವರಿಯಲ್ಲಿ ಅಧ್ಯಕ್ಷ ಶಿರಾಕ್ ವಾಪಸ್ ಕರೆಸಿದರು. ಕೊನೆಗೆ ಅದನ್ನು ಒಡೆದದ್ದು ಇಂಗ್ಲೆಂಡಿನಲ್ಲಿ. ಎಲ್ಲ ಹಡಗುಗಳಿಗೂ ಇಷ್ಟು ಸುದ್ದಿಯಾಗುವ ಭಾಗ್ಯವಿಲ್ಲ.

1995ರಲ್ಲಿ ನಮ್ಮ ಸುಪ್ರೀಂ ಕೋರ್ಟ್, ಕಲ್ನಾರು ಉದ್ದಿಮೆಯ ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದಿತು. ಕಾಯಿಲೆಯ ಸ್ವಭಾವ ತಿಳಿದು ಬರೆದ ಆದೇಶವದು. ಆದರೆ ಅಲಂಗ್‌ನಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಉತ್ತರ ಪ್ರದೇಶ, ಬಿಹಾರ, ಒಡಿಶಾ ಕಡೆಯ ವಲಸೆ ಕಾರ್ಮಿಕರು. ಊರಿಗೆ ಮರಳಿ ಮೂವತ್ತು ವರ್ಷದ ಮೇಲೆ ಕೆಮ್ಮು ಶುರುವಾದರೆ, ಡಾಕ್ಟರರಿಗೆ ಮೊದಲು ನೆನಪಾಗುವುದು ಕ್ಷಯ. ಹಡಗು ಒಡೆದಿದ್ದೆ ಎನ್ನಲು ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ನಿಮ್ಮ ಅಜ್ಜನೋ ಚಿಕ್ಕಪ್ಪನೋ ಹಡಗುಕಟ್ಟೆಯಲ್ಲಿ, ಅಥವಾ ಗಲ್ಫಿನಲ್ಲಿ ಪೈಪ್ ಇನ್ಸುಲೇಶನ್ ಕೆಲಸ ಮಾಡಿದ್ದರೆ, ಪೈಪಿಗೆ ಏನು ಸುತ್ತುತ್ತಿದ್ದರೆಂದು ಕೇಳಿ ನೋಡಿ. ಹಳೆಯ ಕೆಲಸದ ಕಾಗದಗಳನ್ನು ಎಸೆಯಬೇಡಿ. ಡಾಕ್ಟರರ ಬಳಿ ಹೋದಾಗ ಅದನ್ನೂ ಹೇಳಲಿ.