ಕಡತ ಹಂಚಿಕೆಯ ತೊಡಕುಗಳು

ಒಂದು ಮನೆಯಲ್ಲಿ ಎರಡು ಗಣಕಯಂತ್ರಗಳಿವೆಯೆಂದು ಭಾವಿಸೋಣ. ಒಂದರಲ್ಲಿರುವ ಕಡತವನ್ನು ಇನ್ನೊಂದರಲ್ಲಿ ತೆರೆದು ಓದುವ ಸೌಲಭ್ಯಕ್ಕೆ ಕಡತ ಹಂಚಿಕೆ ಎಂದು ಹೆಸರು. ಒಮ್ಮೊಮ್ಮೆ ಈ ಸೌಲಭ್ಯವು ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ವೈದ್ಯನು ನಾಡಿ ನೋಡಿದ ಮೇಲೆಯೇ ಔಷಧ ಕೊಡುವನಲ್ಲವೆ? ಇಲ್ಲಿಯೂ ಕ್ರಮವರಿತು ಪರೀಕ್ಷಿಸಬೇಕು.

ಮೊದಲು ನೋಡಬೇಕಾದುದು ಹಾದಿ. ಎರಡು ಯಂತ್ರಗಳೂ ಮನೆಯ ಒಂದೇ ಜಾಲದಲ್ಲಿರಬೇಕು. ಅವುಗಳಲ್ಲೊಂದು ಅತಿಥಿಗಳಿಗೆಂದು ಮೀಸಲಾದ ವೈಫೈಗೆ ಸೇರಿದ್ದರೆ ಇನ್ನೊಂದಕ್ಕೆ ಅದು ಸಾಮಾನ್ಯವಾಗಿ ಕಾಣಿಸದು. ಜಾಲಕ್ಕೆ ಸೇರಿದ ಪ್ರತಿಯೊಂದು ಯಂತ್ರಕ್ಕೂ ರೂಟರು ಅಂಕಿಗಳ ವಿಳಾಸವೊಂದನ್ನು ಕೊಡುತ್ತದೆ. ಮನೆಗಳಲ್ಲಿ ಅದು ಬಹುಮಟ್ಟಿಗೆ 192.168 ಎಂದು ಆರಂಭವಾಗುತ್ತದೆ. ಅದಕ್ಕೆ ಬದಲಾಗಿ 169.254 ಎಂದು ಕಂಡರೆ, ಯಂತ್ರವು ರೂಟರಿನಿಂದ ವಿಳಾಸ ದೊರೆಯದೆ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಆಗ ತಂತಿಯನ್ನೋ ವೈಫೈ ಸಂಪರ್ಕವನ್ನೋ ಸರಿಪಡಿಸಬೇಕು. ವಿಳಾಸ ಸರಿಯಿದ್ದೂ ನೆರೆಯ ಯಂತ್ರದ ಹೆಸರು ಪಟ್ಟಿಯಲ್ಲಿ ಕಾಣದಿದ್ದರೆ, ಹೆಸರಿನ ಸ್ಥಾನದಲ್ಲಿ ಆ ಅಂಕಿಗಳನ್ನೇ ಬರೆದು ನೋಡಬೇಕು. ಅದರಿಂದ ಕಡತ ತೆರೆದರೆ ಹಾದಿ ಸರಿಯಾಗಿದೆ. ಹೆಸರನ್ನು ಹುಡುಕುವ ವ್ಯವಸ್ಥೆಯಲ್ಲಿ ಮಾತ್ರ ದೋಷವಿದೆ.

ಎರಡನೆಯದು ಬಾಗಿಲು. ಫೈರ್‌ವಾಲ್ ಎಂಬುದು ಗಣಕಯಂತ್ರದ ಬಾಗಿಲಲ್ಲಿ ನಿಂತ ಕಾವಲುಗಾರ. ವಿಂಡೋಸ್ ಯಂತ್ರವು ಮನೆಯ ಜಾಲವನ್ನು ಸಾರ್ವಜನಿಕವೆಂದು ಎಣಿಸಿದ್ದರೆ ಈ ಕಾವಲುಗಾರನು ನೆರೆಯ ಯಂತ್ರವನ್ನೂ ತಡೆಯುತ್ತಾನೆ. ಜಾಲವನ್ನು ಖಾಸಗಿಯೆಂದು ಗುರುತಿಸಿ, ಕಡತ ಹಂಚಿಕೆಗೆ ಮಾತ್ರ ಅನುಮತಿ ನೀಡಿದರೆ ಸಾಕು. ಕಾವಲನ್ನೇ ತೆಗೆದುಹಾಕಕೂಡದು.

ಮೂರನೆಯದು ಬೀಗದ ಕೈ. ಕಡತವಿರುವ ಯಂತ್ರಕ್ಕೆ ತಿಳಿದಿರುವ ಬಳಕೆದಾರನ ಹೆಸರನ್ನೂ ಗುಪ್ತಪದವನ್ನೂ ಕೊಡಬೇಕು. ವಿಂಡೋಸಿನಲ್ಲಿ ಅನುಮತಿಯು ಎರಡು ಕಡೆ ಇರುವುದುಂಟು: ಹಂಚಿಕೆಗೆ ಒಂದು, ಕಡತಕ್ಕೆ ಇನ್ನೊಂದು. ಇವೆರಡರಲ್ಲಿ ಹೆಚ್ಚು ಬಿಗಿಯಾದುದೇ ನಡೆಯುತ್ತದೆ.

ಕೊನೆಯದು ಭಾಷೆ. ಯಂತ್ರಗಳು ಕಡತ ಹಂಚಿಕೊಳ್ಳಲು ಬಳಸುವ ಮಾತಿನ ನಿಯಮಗಳಲ್ಲಿ ಎಸ್‌ಎಂಬಿ ಎಂಬುದು ಮುಖ್ಯವಾದುದು. ಕೆಲವು ಹಳೆಯ ಯಂತ್ರಗಳಿಗೆ ಅದರ ಮೊದಲನೆಯ ಆವೃತ್ತಿ ಮಾತ್ರ ತಿಳಿದಿರುತ್ತದೆ. ಹೊಸ ಯಂತ್ರಗಳು ಸಾಮಾನ್ಯವಾಗಿ ಅದನ್ನು ಒಪ್ಪುವುದಿಲ್ಲ. ಹೊಸ ಯಂತ್ರದಲ್ಲಿ ಹಳೆಯ ಆವೃತ್ತಿಗೆ ಮತ್ತೆ ಎಡೆಗೊಟ್ಟರೆ ಕಡತಗಳೇನೋ ಕಾಣುತ್ತವೆ. ಆದರೆ ಅದರ ಬೆಲೆ ಏನು?

2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ಕ್ರಮವಿಧಿಯು ಈ ಹಳೆಯ ಆವೃತ್ತಿಯ ದೋಷದ ಮೂಲಕವೇ ಯಂತ್ರದಿಂದ ಯಂತ್ರಕ್ಕೆ ಹಬ್ಬಿತು. ಅದು ಕಡತಗಳನ್ನು ಓದಲಾಗದಂತೆ ಮಾಡಿ ಒತ್ತೆಹಣ ಕೇಳಿತು. ಬ್ರಿಟನ್ನಿನ ಹಲವು ಆಸ್ಪತ್ರೆಗಳಲ್ಲಿ ರೋಗಿಗಳ ಚಿಕಿತ್ಸೆಯನ್ನು ಮುಂದೂಡಬೇಕಾಯಿತು. ವಿಂಡೋಸನ್ನು ರೂಪಿಸಿದ ಮೈಕ್ರೋಸಾಫ್ಟ್ ಸಂಸ್ಥೆಯು ಆ ದೋಷದ ಪರಿಹಾರವನ್ನು ಅದೇ ವರ್ಷದ ಮಾರ್ಚ್ ತಿಂಗಳಲ್ಲಿಯೇ ಹೊರತಂದಿತ್ತು. ಅದನ್ನು ಅಳವಡಿಸಿಕೊಳ್ಳದಿದ್ದ ಯಂತ್ರಗಳು ಬಲಿಯಾದವು.

ಆದುದರಿಂದ ಹಳೆಯ ಯಂತ್ರದ ತಂತ್ರಾಂಶವನ್ನು ನವೀಕರಿಸುವುದೇ ಸರಿಯಾದ ಮಾರ್ಗ. ಅದು ಸಾಧ್ಯವಾಗದಿದ್ದರೆ ಬೇಕಾದ ಕಡತವನ್ನು ಪೆನ್‌ಡ್ರೈವಿನಲ್ಲಿ ಒಯ್ಯಬಹುದು. ಪರೀಕ್ಷೆಗಾಗಿ ಯಾವುದೇ ವ್ಯವಸ್ಥೆಯನ್ನು ಬದಲಿಸುವಾಗ ಒಮ್ಮೆಗೆ ಒಂದನ್ನೇ ಬದಲಿಸಿ, ಮೊದಲಿದ್ದ ಸ್ಥಿತಿಯನ್ನು ಬರೆದಿಟ್ಟುಕೊಳ್ಳಬೇಕು. ತೊಡಕಿನ ಮೂಲವು ಎಲ್ಲಿದೆಯೆಂದು ತಿಳಿದವನು ಒಂದೇ ಬಾಗಿಲನ್ನು ತೆರೆಯುತ್ತಾನೆ. ತಿಳಿಯದವನು ಎಲ್ಲ ಬಾಗಿಲುಗಳನ್ನೂ ತೆರೆದಿಟ್ಟು ಮಲಗುತ್ತಾನೆ.