ಬಸಳೆಯ ಬಳ್ಳಿಯೂ ಕಣ್ಣಿಗೆ ಕಾಣದ ರೋಗವೂ

ನಮ್ಮ ಶಾಲೆಯ ಬಾವಿಯ ಬಳಿಯಿರುವ ಬಸಳೆಯ ಚಪ್ಪರವನ್ನು ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಅದರ ದಂಟನ್ನು ತುಂಡುಮಾಡಿ, ನೆಡುವುದಕ್ಕೆಂದು ಮಕ್ಕಳ ಕೈಯಲ್ಲಿ ಮನೆಗಳಿಗೆ ಕಳುಹಿಸುವುದು ನಮ್ಮ ಪದ್ಧತಿಯಾಗಿತ್ತು. ಒಂದು ವರ್ಷ ಬಳ್ಳಿಯ ಎಳೆಯ ಎಲೆಗಳಲ್ಲಿ ತಿಳಿಹಸಿರೂ ಕಡುಹಸಿರೂ ಬೆರೆತ ಮಚ್ಚೆಗಳು ತೋರಿದವು, ಎಲೆಗಳು ಸುಕ್ಕುಗಟ್ಟಿದವು. ಗೊಬ್ಬರ ಸಾಲದೆಂದೆಣಿಸಿ ನಾವು ಸಗಣಿಗೊಬ್ಬರವನ್ನು ಹಾಕಿಸಿದೆವು. ತುಂಡುಗಳನ್ನೂ ಎಂದಿನಂತೆ ಹಂಚಿದೆವು. ಮರುವರ್ಷ ಅದೇ ಮಚ್ಚೆಯು ಮಕ್ಕಳ ಹಿತ್ತಿಲುಗಳಲ್ಲಿ ಕಾಣಿಸಿತು. ಸೊಪ್ಪು ಮಾರಿ ಜೀವಿಸುವ ತಾಯಿಯೊಬ್ಬರು ಆ ಎಲೆಗಳನ್ನು ಸೆರಗಿನಲ್ಲಿ ತಂದು ನಮ್ಮ ಮೇಜಿನ ಮೇಲಿರಿಸಿ, “ಟೀಚರಮ್ಮಾ, ಇದು ನೀವು ಕೊಟ್ಟ ಬಳ್ಳಿಯೇ” ಎಂದಷ್ಟೇ ಹೇಳಿದರು. ಈ ಪಾಠವನ್ನು ಬರೆಯುವುದಕ್ಕೆ ಅದೇ ಕಾರಣ.

ಎಲೆ ಹಳದಿಯಾದುದೆಲ್ಲವೂ ವೈರಸ್ ರೋಗವಲ್ಲ. ಸಾರಜನಕವು ಸಾಲದಿದ್ದರೆ ಬುಡದ ಹಳೆಯ ಎಲೆಗಳು ಮೊದಲು, ಒಂದೇ ಸಮನಾಗಿ ಹಳದಿಯಾಗುವುವು. ಕಬ್ಬಿಣದ ಅಂಶವು ಸಾಲದಿದ್ದರೆ ಎಳೆಯ ಎಲೆಗಳು ಬಿಳಿಚಿಕೊಂಡು ನರಗಳು ಮಾತ್ರ ಹಸಿರಾಗಿ ಉಳಿಯುವುವು. (ಭದ್ರಾವತಿಯಲ್ಲಿ ಕಬ್ಬಿಣದ ಕೊರತೆಯೆಂದರೆ ಮಕ್ಕಳು ನಗುತ್ತಾರೆ!) ಬಸಳೆಯ ಮೇಲೆ ಕೆಂಪಂಚಿನ ದುಂಡು ಚುಕ್ಕೆಗಳಿದ್ದರೆ ಅದು ಸಾಮಾನ್ಯವಾಗಿ ಶಿಲೀಂಧ್ರದ ಕೆಲಸ. ವೈರಸ್ಸಿನ ಮಚ್ಚೆಗಾದರೋ ಇಂಥ ಕ್ರಮವಿಲ್ಲ. ಒಂದು ಗಿಡ ಕೆಟ್ಟು, ಅದೇ ಮಣ್ಣಿನ ನೆರೆಯ ಗಿಡ ಚೆನ್ನಾಗಿರುವುದುಂಟು.

ಆದರೆ ಕಣ್ಣು ಸಂಶಯವನ್ನು ಹುಟ್ಟಿಸಬಲ್ಲುದೇ ಹೊರತು ರೋಗದ ಹೆಸರನ್ನು ಹೇಳಲಾರದು. ಎರಡು ಬೇರೆ ವೈರಸ್ಸುಗಳು ಒಂದೇ ಬಗೆಯ ಮಚ್ಚೆಯನ್ನು ತರಬಹುದು. 1892ರಲ್ಲಿ ರಷ್ಯದ ಇವಾನೋವ್‌ಸ್ಕಿಯವರು ರೋಗದ ಹೊಗೆಸೊಪ್ಪಿನ ರಸವನ್ನು ಬ್ಯಾಕ್ಟೀರಿಯಾಗಳು ದಾಟಲಾರದ ಶೋಧಕದಲ್ಲಿ ಸೋಸಿದರೂ ರಸವು ರೋಗವನ್ನು ಹರಡಿತು. 1898ರಲ್ಲಿ ಹಾಲೆಂಡಿನ ಬೈಯರಿಂಕರು ಇದು ಬೇರೆಯೇ ಬಗೆಯ ರೋಗಕಾರಕವೆಂದು ಸಾರಿದರು. ಬಳಿಕ ಸೂಚಕಸಸ್ಯಗಳ ಪರೀಕ್ಷೆ ಬಂದಿತು: ಸಂಶಯದ ಎಲೆಯ ರಸವನ್ನು ನಯವಾದ ಉಜ್ಜುಪುಡಿಯೊಡನೆ ಕೀನೋಪೋಡಿಯಂ ಮುಂತಾದ ಗಿಡಗಳ ಎಲೆಗೆ ಸವರಿ, ಕೆಲವು ದಿನಗಳಲ್ಲಿ ಏಳುವ ಚುಕ್ಕೆಗಳನ್ನು ನೋಡುವುದು. 1977ರಿಂದ ಸಸ್ಯರೋಗಗಳಲ್ಲಿ ಬಳಕೆಗೆ ಬಂದ ಎಲೈಸಾ ಎಂಬ ವಿಧಾನದಲ್ಲಿ, ಒಂದೊಂದು ವೈರಸ್ಸನ್ನೇ ಹಿಡಿಯುವ ಪ್ರತಿಕಾಯಗಳನ್ನು ಸಣ್ಣ ಗುಳಿಗಳಲ್ಲಿಟ್ಟು ಎಲೆಯ ರಸವನ್ನು ಹಾಕುತ್ತಾರೆ. ಆ ವೈರಸ್ ಇದ್ದರೆ ಕೊನೆಗೆ ಬಣ್ಣವೇರುತ್ತದೆ. ಪಿ.ಸಿ.ಆರ್. ಪರೀಕ್ಷೆಯು ವೈರಸ್ಸಿನ ಅನುವಂಶಿಕ ದ್ರವ್ಯವನ್ನೇ ಹುಡುಕುತ್ತದೆ.

ಸೌತೆಯ ಮೊಸಾಯಿಕ್ ವೈರಸ್ ಎಂಬುದು ಹೆಸರಿಗೆ ಸೌತೆಯದಾದರೂ ಪಾಲಕ್, ಬಸಳೆ ಮೊದಲಾದವನ್ನೂ ಹಿಡಿಯುತ್ತದೆ. ಸಸ್ಯಹೇನು ರೋಗದ ಎಲೆಯನ್ನು ಕೆಲವೇ ಕ್ಷಣ ಚುಚ್ಚಿದರೂ ಅದನ್ನು ಹೊತ್ತೊಯ್ಯಬಲ್ಲುದಾದ್ದರಿಂದ ಕೀಟನಾಶಕಕ್ಕೆ ಸುರಿದ ಹಣ ಬಹುಮಟ್ಟಿಗೆ ವ್ಯರ್ಥ. ರೋಗದ ಬಳ್ಳಿಯನ್ನು ಗುಣಪಡಿಸುವ ಔಷಧವಿಲ್ಲ. ಅಂಥ ಸೊಪ್ಪನ್ನು ತಿಂದವರಿಗೆ ಆ ವೈರಸ್ಸಿನಿಂದ ಕೇಡಿಲ್ಲವೆಂಬುದನ್ನು ತಾಯಂದಿರು ತಿಳಿದಿರಲಿ. ಸಂಶಯವಿದ್ದಲ್ಲಿ ಎಳೆಯ ಎಲೆಗಳನ್ನು ಒದ್ದೆಮಾಡದೆ ಲಕೋಟೆಯಲ್ಲಿಟ್ಟು ಶಿವಮೊಗ್ಗದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ನಾವು ಹಳೆಯ ಬಳ್ಳಿಯನ್ನು ಬುಡಸಹಿತ ಕಿತ್ತು ಹೂಳಿಸಿದೆವು. ಕೆಲವು ವೈರಸ್ಸುಗಳು ಬೀಜದಲ್ಲಿಯೂ ಬರುವುದರಿಂದ, ಬೇರೆ ಬೀಜದಿಂದೆಬ್ಬಿಸಿದ ಸಸಿಗಳನ್ನು ಎರಡು ತಿಂಗಳು ನೋಡಿಕೊಂಡು, ಮೊದಲನೆಯ ಹನ್ನೆರಡನ್ನು ಆ ತಾಯಿಯ ಮನೆಗೆ ಮುಟ್ಟಿಸಿದೆವು.