ಬಾಯಿಗೆ ಮುಂಚೆ ಕಣ್ಣು
(ಮನೆಯ ಕೂಟಗಳಲ್ಲಿ ಓದತಕ್ಕ ಪಾಠ)

ಆದಿಕಾಂಡದ ಮೂರನೆಯ ಅಧ್ಯಾಯವನ್ನು ನಾವು ಎಷ್ಟೋ ಸಾರಿ ಓದಿದ್ದೇವೆ. ಹವ್ವಳು ಹಣ್ಣನ್ನು ತಿಂದಳೆಂಬದು ಮಕ್ಕಳಿಗೂ ಗೊತ್ತು. ಆದರೆ ತಿನ್ನುವದಕ್ಕೆ ಮುಂಚೆ ನಡೆದದ್ದನ್ನು ಗಮನಿಸುವವರು ಸ್ವಲ್ಪ ಜನ. ಮೊದಲು ಒಂದು ಮಾತು ಕಿವಿಗೆ ಬಿತ್ತು. ಆಮೇಲೆ ಕಣ್ಣು ಮರದ ಮೇಲೆ ನಿಂತಿತು. ಆ ಹಣ್ಣು ತನ್ನನ್ನು ಮೇಲಕ್ಕೆ ಏರಿಸುವದೆಂಬ ಆಶೆ ಹುಟ್ಟಿತು. ಕಡೆಗೆ ಕೈ ಚಾಚಿತು. ಹಸಿವೆಯ ಮಾತು ಅಲ್ಲಿ ಇಲ್ಲವೇ ಇಲ್ಲ. ತೋಟದ ತುಂಬ ಬೇರೆ ಹಣ್ಣುಗಳಿದ್ದವು.

ಈಗಿನ ಆಹಾರದ ಜಾಹೀರಾತುಗಳು ಹಿಡಿದಿರುವದು ಇದೇ ದಾರಿಯನ್ನು. ಅವು ಮೊದಲಿಂದ ಹೀಗಿರಲಿಲ್ಲವೆಂಬದಕ್ಕೆ ಒಂದು ದೃಷ್ಟಾಂತವುಂಟು. 1824ರಲ್ಲಿ ಜಾನ್ ಕ್ಯಾಡ್‌ಬರಿ ಎಂಬವನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಅಂಗಡಿಯನ್ನು ತೆರೆದು ಚಹಾ, ಕಾಫಿ, ಕೋಕೋಗಳನ್ನು ಮಾರತೊಡಗಿದನು. ಅವನು ಕ್ವೇಕರ್ ಸಭೆಯವನು. ಮದ್ಯಪಾನಕ್ಕೆ ಬದಲಾಗಿ ಜನರು ಇವುಗಳನ್ನು ಕುಡಿಯಲೆಂದು ಬಯಸಿದವನು. ಆಗಿನ ಕೋಕೋವಿನಲ್ಲಿ ಹಿಟ್ಟು ಮುಂತಾದದ್ದನ್ನು ಬೆರಸುವ ವಾಡಿಕೆಯಿತ್ತು. 1866ರಲ್ಲಿ ಅವನ ಮಕ್ಕಳು ಬೆರಕೆಯಿಲ್ಲದ ಕೋಕೋವನ್ನು ಹೊರತಂದು, ತಮ್ಮದು ಶುದ್ಧವೆಂಬದನ್ನೇ ಊರೂರಿಗೆ ಸಾರಿದರು. ಅದೂ ಜಾಹೀರಾತೇ; ಆದರೆ ಸರಕಿನ ಗುಣವನ್ನು ಹೇಳುವಂಥದು.

ನೂರು ವರುಷಗಳು ಕಳೆದವು. 1968ರಲ್ಲಿ ಅದೇ ಕಂಪೆನಿಯವರು ಮಿಲ್ಕ್ ಟ್ರೇ ಎಂಬ ಚಾಕಲೇಟಿನ ಪೆಟ್ಟಿಗೆಗೆ ದೂರದರ್ಶನದಲ್ಲಿ ಹೊಸ ಜಾಹೀರಾತುಗಳನ್ನು ಆರಂಭಿಸಿದರು. ಕಪ್ಪು ಉಡುಪಿನ ಒಬ್ಬ ಮನುಷ್ಯನು ನಾನಾ ಅಪಾಯಗಳನ್ನು ದಾಟಿ, ಒಬ್ಬ ಸ್ತ್ರೀಯ ಕೋಣೆಯಲ್ಲಿ ಆ ಪೆಟ್ಟಿಗೆಯನ್ನು ಗುಟ್ಟಾಗಿ ಇಟ್ಟು ಮಾಯವಾಗುವನು. ಅದರೊಳಗೆ ಹಾಲೆಷ್ಟು, ಸಕ್ಕರೆಯೆಷ್ಟು ಎಂಬ ಮಾತಿಲ್ಲ. ಅಮೆರಿಕದಲ್ಲಿಯೂ ಹೀಗೆಯೇ. ರೂಬೆನ್ ಮ್ಯಾಟಸ್ ಎಂಬವನು ನ್ಯೂಯಾರ್ಕಿನಲ್ಲಿ 1960ರ ಸುಮಾರಿಗೆ ತನ್ನ ಐಸ್‌ಕ್ರೀಮಿಗೆ ಹಾಗೆನ್-ಡಾಸ್ ಎಂದು ಹೆಸರಿಟ್ಟನು. ಕಿವಿಗೆ ಅದು ಡೆನ್ಮಾರ್ಕಿನ ಮಾತಿನಂತಿದೆ. ಅರ್ಥವಾದರೋ ಯಾವ ಭಾಷೆಯಲ್ಲಿಯೂ ಇಲ್ಲ. ನ್ಯಾಯವಾಗಿ ಹೇಳಬೇಕಾದರೆ ಅವನ ಸರಕು ಕೆನೆ ತುಂಬಿದ ಒಳ್ಳೇ ಸರಕೇ. ಆದರೂ ದೂರದೇಶದ ವೈಭವವನ್ನು ಅದಕ್ಕೆ ಅಂಟಿಸಿದ ಮೇಲೆ ಹೆಚ್ಚಿನ ಬೆಲೆಯೇ ಒಂದು ಗೌರವವಾಯಿತು.

ಇನ್ನೂ ಆಶ್ಚರ್ಯವೇನಂದರೆ, 2003ರ ಸುಮಾರಿಗೆ ಮ್ಯಾಗ್ನಮ್ ಎಂಬ ಐಸ್‌ಕ್ರೀಮಿನವರು ಅತ್ಯಾಶೆ, ಅಸೂಯೆ, ಸೋಮಾರಿತನ ಎಂದು ಪಾಪಗಳ ಹೆಸರನ್ನೇ ತಮ್ಮ ತಿಂಡಿಗಳಿಗೆ ಇಟ್ಟರು. ಸಭೆಯಲ್ಲಿ ತಲೆ ತಗ್ಗಿಸುವಂಥ ಮಾತು ಅಂಗಡಿಯಲ್ಲಿ ನಗೆಯಾಯಿತು. ಇದರ ಉಪಾಯವನ್ನು ತಿಳಿಯಬೇಕು. ತಿಂಡಿಯನ್ನು ಪಾಪವೆಂದು ಕರೆಯುವದರಿಂದ ಬಯಕೆ ಹೆಚ್ಚುತ್ತದೆ; ಸಣ್ಣ ಪಾಪವೆಂದು ನಗುವದರಿಂದ ಮನಸ್ಸಾಕ್ಷಿಯ ಬಾಯಿ ಮುಚ್ಚುತ್ತದೆ. ದುಡಿದು ದಣಿದ ನಿಮಗೆ ಇಷ್ಟು ಭೋಗವೂ ಸಲ್ಲದೋ ಎಂದು ಕೇಳಿದರೆ ಯಾರು ತಾನೇ ಸಲ್ಲದೆಂದಾರು?

ಇವೆಲ್ಲ ಪಟ್ಟಣದವರ ಸಂಗತಿಯೆಂದು ಎಣಿಸಬೇಡಿರಿ. ನಮ್ಮ ಸಭೆಯ ಒಬ್ಬ ತಾಯಿಗೆ ಒಂದು ಹಸುವುಂಟು. ಹಾಲನ್ನೆಲ್ಲಾ ಡೈರಿಗೆ ಹಾಕಿ, ಬಂದ ಹಣದಲ್ಲಿ ಮಗನಿಗೆ ಡಬ್ಬಿಯ ಪುಡಿಯನ್ನು ತರುತ್ತಿದ್ದಳು. ಹಣ ಸಾಲದಾಗ ಅಂಗಡಿಯಲ್ಲಿ ಸಾಲ. “ಅಯ್ಯನವರೇ, ಹಾಲಿಗಿಂತ ಇದರಲ್ಲಿ ಬಲ ಹೆಚ್ಚಂತೆ, ಟೀವಿಯಲ್ಲಿ ತೋರಿಸುತ್ತಾರೆ,” ಅಂದಳು. ಡಬ್ಬಿಯ ಮೇಲೆ ಎತ್ತರವಾದ ಹುಡುಗನ ಚಿತ್ರ. ಅವಳನ್ನು ಗದರಿಸಲು ನಮಗೆ ಬಾಯಿ ಬರಲಿಲ್ಲ. ಮಗನು ಬೆಳೆಯಲೆಂಬ ಪ್ರೀತಿಯನ್ನೇ ಆ ಚಿತ್ರವು ಹಿಡಿದೆಳೆದಿತ್ತು. ಡಬ್ಬಿಯನ್ನು ತಿರುಗಿಸಿ ಹಿಂಬದಿಯನ್ನು ಅವಳಿಗೆ ಓದಿ ಹೇಳಿದೆವು. ಯಾವ ಪದಾರ್ಥದ ತೂಕ ಹೆಚ್ಚೋ ಅದನ್ನು ಮೊದಲು ಬರೆಯಬೇಕೆಂಬದು ನಮ್ಮ ದೇಶದ ನಿಯಮ. ಮೊದಲು ಧಾನ್ಯ, ಅದರ ಬೆನ್ನಿಗೆ ಸಕ್ಕರೆ. ಹಾಲಿನ ಪುಡಿ ಅವುಗಳ ಹಿಂದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಡೈರಿಯಲ್ಲಿ ಒಂದು ಲೀಟರಿಗೆ ಎಷ್ಟು ಸಿಕ್ಕುತ್ತದೆ, ಡಬ್ಬಿಗೆ ಎಷ್ಟು ಕೊಡುತ್ತೇನೆ ಎಂದು ಬೆರಳಿನಲ್ಲಿ ಎಣಿಸತೊಡಗಿದಳು.

2024ರ ಏಪ್ರಿಲಿನಲ್ಲಿ ಕೇಂದ್ರ ಸರಕಾರದವರು, ಇಂಥ ಪುಡಿಗಳನ್ನು ಆರೋಗ್ಯ ಪಾನೀಯಗಳ ಸಾಲಿನಲ್ಲಿಟ್ಟು ಮಾರಬಾರದೆಂದು ಅಂತರ್ಜಾಲದ ವ್ಯಾಪಾರಿಗಳಿಗೆ ತಿಳಿಸಿದರು. ಯಾಕಂದರೆ ಆಹಾರದ ಕಾನೂನಿನಲ್ಲಿ ಆ ಹೆಸರಿಗೆ ಅರ್ಥವನ್ನೇ ಗೊತ್ತುಮಾಡಿರಲಿಲ್ಲ. ಆದರೆ ಹಳ್ಳಿಯ ಅಂಗಡಿಗೆ ಸುದ್ದಿ ಬರುವದು ನಿಧಾನ.

ಮುಂದಿನ ಕೂಟಕ್ಕೆ ಬರುವಾಗ ನಿಮ್ಮ ಮನೆಯಲ್ಲಿರುವ ಒಂದು ಡಬ್ಬಿಯನ್ನಾಗಲಿ ಮಕ್ಕಳ ತಿಂಡಿಯ ಖಾಲಿ ಪೊಟ್ಟಣವನ್ನಾಗಲಿ ತನ್ನಿರಿ. ಅಕ್ಷರಗಳು ಬಹು ಸಣ್ಣವು, ಹೆಚ್ಚಾಗಿ ಇಂಗ್ಲಿಷಿನವು. ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿರಿ, ಅದೂ ಬೆಳಕಿರುವಾಗಲೇ.